ನೀಲಿ ಬಣ್ಣ ಹಾಕಿ ಕರುಳು ನೋಡುವಾಗ

ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪೊರೆ ಉರಿಯೂತದಿಂದ ಹುಣ್ಣಾಗುವ ದೀರ್ಘಕಾಲದ ರೋಗ) ಇರುವವರಲ್ಲಿ ಕ್ಯಾನ್ಸರ್ ಪೂರ್ವದ ಬದಲಾವಣೆ ಗಂಟಾಗಿಯೇ ಎದ್ದು ಕಾಣಬೇಕೆಂದಿಲ್ಲ. ಎಷ್ಟೋ ಸಲ ಒಳಪೊರೆಯ ಮಟ್ಟಕ್ಕೇ ಚಪ್ಪಟೆಯಾಗಿ ಹರಡಿರುತ್ತದೆ. ಹಾಗಾಗಿ ಹಿಂದೆ ಪ್ರತಿ 10 ಸೆಂಟಿಮೀಟರಿಗೆ ನಾಲ್ಕರಂತೆ, 30ಕ್ಕೂ ಹೆಚ್ಚು ತುಣುಕುಗಳನ್ನು ಕುರುಡಾಗಿ ತೆಗೆದು ಬಯಾಪ್ಸಿಗೆ ಕಳಿಸುತ್ತಿದ್ದರು. 2015ರ ಸೀನಿಕ್ (ಈ ತಪಾಸಣೆ ಕುರಿತ ಅಂತರರಾಷ್ಟ್ರೀಯ ತಜ್ಞರ) ಒಮ್ಮತದ ಶಿಫಾರಸು ಬಣ್ಣ ಸಿಂಪಡಿಸಿ ನೋಡುವುದಕ್ಕೆ ಒತ್ತು ಕೊಟ್ಟಿತು. ಬಳ್ಳಾರಿಯಲ್ಲಿ ನಾನು ನೆಚ್ಚಿಕೊಂಡಿರುವುದೂ ಅದನ್ನೇ.

ತಪಾಸಣೆ ಶುರುವಾಗಬೇಕಾದದ್ದು ರೋಗಲಕ್ಷಣ ಕಾಣಿಸಿ ಸುಮಾರು 8 ವರ್ಷಕ್ಕೆ. ಚೀಟಿಯಲ್ಲಿ ರೋಗದ ಹೆಸರು ಬರೆದ ದಿನದಿಂದ ಲೆಕ್ಕವಲ್ಲ. ನಮ್ಮ ಕಡೆ ಮಲದಲ್ಲಿ ರಕ್ತ ಬಿದ್ದರೆ ಮೂಲವ್ಯಾಧಿಯೆಂದು ವರ್ಷಗಟ್ಟಲೆ ನಾಟಿ ಔಷಧಿ ನಡೆಯುತ್ತದೆ. ಸಿರುಗುಪ್ಪದ ಒಬ್ಬ ತಾಯಿಯನ್ನು ಕೇಳಿದಾಗ, “ದೊಡ್ಡ ಮಗಳ ಮದುವೆಯ ವರ್ಷ ಶುರುವಾಯಿತು ಡಾಕ್ಟರೇ” ಎಂದರು. ಆ ಮಗಳ ಮಗ ಆಗಲೇ ಹೈಸ್ಕೂಲಿನಲ್ಲಿದ್ದ.

ರೋಗ ಶಮನದಲ್ಲಿರುವಾಗಲೇ ಪರೀಕ್ಷೆ ಮಾಡುತ್ತೇನೆ. ಉರಿಯೂತ ಇದ್ದರೆ ಕೆಂಪಿನಲ್ಲಿ ಎಲ್ಲವೂ ಕಲಸಿಹೋಗುತ್ತದೆ. ಕರುಳಿನ ಶುದ್ಧಿಯಲ್ಲಂತೂ ರಾಜಿಯಿಲ್ಲ. ಹಿಂದಿನ ದಿನಗಳಲ್ಲಿ ಜೋಳದ ರೊಟ್ಟಿ, ಸೊಪ್ಪು, ಕಾಳು ಬೇಡ. ಮೆತ್ತಗಿನ ಅನ್ನ, ಮಜ್ಜಿಗೆ ಸಾಕು. ಭೇದಿಯ ದ್ರಾವಣವನ್ನು ಅರ್ಧ ರಾತ್ರಿ, ಅರ್ಧ ಬೆಳಿಗ್ಗೆ ಕುಡಿಸುತ್ತೇನೆ. ಮಲದ ಪದರ ಉಳಿದರೆ ಬಣ್ಣ ಅದಕ್ಕೇ ಹಿಡಿಯುತ್ತದೆ.

ಬಣ್ಣವೆಂದರೆ ಮೆಥಿಲೀನ್ ಬ್ಲೂ. 1 ಶೇಕಡಾ ದ್ರಾವಣದ 10 ಮಿಲಿಗೆ 240 ಮಿಲಿ ನೀರು ಸೇರಿಸಿದರೆ 0.04 ಶೇಕಡಾ. ಈ ಬಣ್ಣದೊಂದಿಗೆ ತೊಂದರೆ ಕೊಡಬಹುದಾದ ಜಿ6ಪಿಡಿ ಕೊರತೆ (ಕೆಂಪು ರಕ್ತಕಣಗಳನ್ನು ಕಾಪಾಡುವ ಕಿಣ್ವದ ಕೊರತೆ), ಖಿನ್ನತೆಯ ಮಾತ್ರೆ ಇವೆಯೇ ಎಂದು ಮೊದಲೇ ವಿಚಾರಿಸುತ್ತೇನೆ. ಮೂತ್ರ ಹಸಿರು-ನೀಲಿಯಾದರೆ ಗಾಬರಿಯಾಗಬೇಡಿ ಎಂದೂ ಹೇಳಿರುತ್ತೇನೆ. ಕ್ಯಾಮೆರಾ ಕೊಳವೆಯಾದ ಸ್ಕೋಪನ್ನು ದೊಡ್ಡ ಕರುಳಿನ ಆರಂಭದ ಭಾಗವಾದ ಸೀಕಮ್‌ವರೆಗೆ ಒಯ್ದು, ಹಿಂದೆ ತರುವಾಗ ತುಸು ತುಸು ಭಾಗಕ್ಕೆ ಸಿಂಪಡಿಸಿ, ಒಂದು ನಿಮಿಷ ಕಾದು, ಹೆಚ್ಚಿನ ನೀರನ್ನು ಹೀರಿ ನೋಡುತ್ತೇನೆ. ಆರೋಗ್ಯವಾಗಿರುವ ಪೊರೆ ಸಮನಾಗಿ ನೀಲಿ ಹೀರುತ್ತದೆ, ಸಣ್ಣ ದುಂಡು ರಂಧ್ರಗಳು ಸಾಲಾಗಿ ಕಾಣುತ್ತವೆ.

ಆ ತಾಯಿಯ ಸಿಗ್ಮಾಯ್ಡ್ ಭಾಗದಲ್ಲಿ (ದೊಡ್ಡ ಕರುಳಿನಲ್ಲಿ ಗುದನಾಳಕ್ಕೆ ತುಸು ಮೇಲಿನ ಬಾಗು) ಉಗುರಿನಷ್ಟು ಜಾಗ ಮಾತ್ರ ಬಣ್ಣ ಹಿಡಿಯಲಿಲ್ಲ. ಅಂಚು ಸ್ಪಷ್ಟವಾಗಿತ್ತು, ರಂಧ್ರಗಳು ಅಡ್ಡಾದಿಡ್ಡಿ ಉದ್ದವಾಗಿದ್ದವು. ಬಣ್ಣವಿಲ್ಲದೆ ನೋಡಿದಾಗ ಅಲ್ಲಿ ಏನೂ ಇಲ್ಲವೆಂದೇ ಅನ್ನಿಸಿತ್ತು. ಬಯಾಪ್ಸಿ ಕಡಿಮೆ ದರ್ಜೆಯ ಡಿಸ್ಪ್ಲೇಸಿಯಾ, ಅಂದರೆ ಜೀವಕೋಶಗಳ ಕ್ಯಾನ್ಸರ್ ಪೂರ್ವದ ಬದಲಾವಣೆ, ಎಂದು ಬಂತು. ಎಂಡೋಸ್ಕೋಪಿಯಿಂದಲೇ ಅದನ್ನು ಪೂರ್ತಿ ತೆಗೆದೆವು. ಕರುಳು ಉಳಿಯಿತು. ಇನ್ನು ಅವರಿಗೆ ಉಳಿದವರಿಗಿಂತ ಬೇಗ ಬೇಗ ತಪಾಸಣೆ ಬೇಕು. ಮುಂದಿನ ದಿನಾಂಕವನ್ನು ಅವರ ಮಗಳ ಮೊಬೈಲಿನಲ್ಲಿ ನಾನೇ ಬರೆಸಿದ್ದೇನೆ.