ಹೊಳೆ ನೀರನ್ನು ಪರೀಕ್ಷೆಗೆ ತುಂಬಿಕೊಳ್ಳುವುದು ಹೇಗೆ?

ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಕಾಲೇಜು ಹುಡುಗನೊಬ್ಬ ಪರೀಕ್ಷೆಗೆಂದು ಕಾವೇರಿಯ ನೀರನ್ನು ತುಂಬುತ್ತಿದ್ದ. ಪ್ರಯೋಗಾಲಯದವರು ಕ್ರಿಮಿಶುದ್ಧ ಮಾಡಿ ಕೊಟ್ಟಿದ್ದ ಗಾಜಿನ ಬಾಟಲಿ ಅದು. ಮುಚ್ಚಳ ಬಿಚ್ಚಿ ಒದ್ದೆ ಮೆಟ್ಟಿಲ ಮೇಲಿಟ್ಟ. ಬಾಟಲಿಯನ್ನು ಹೊಳೆಯಲ್ಲಿ ಎರಡು ಸಲ ಗಲಬರಿಸಿದ. ಕಂಠದವರೆಗೆ ತುಂಬಿಸಿ, ಬಾಟಲಿಯ ಬಾಯಿಯನ್ನು ಹೆಬ್ಬೆರಳಿನಿಂದ ಒರೆಸಿ ಮುಚ್ಚಿದ. ಒಂದು ನಿಮಿಷದ ಕೆಲಸದಲ್ಲಿ ನಾಲ್ಕು ತಪ್ಪು. ವರದಿಯಲ್ಲಿ ಬರುವ ಸಂಖ್ಯೆ ಹೊಳೆಯದೋ, ಮೆಟ್ಟಿಲ ಕೊಳೆಯದೋ, ಅವನ ಬೆರಳಿನದೋ ಎಂದು ಆಮೇಲೆ ಯಾರೂ ಹೇಳಲಾರರು. ಊರಿನ ಕೆರೆಗಾಗಿ ವರ್ಷಗಟ್ಟಲೆ ಓಡಾಡಿದವರು ಇಂಥದೇ ವರದಿ ಹಿಡಿದು ಸಭೆಗೆ ಹೋಗಿ, ‘ಮಾದರಿ ಹೇಗೆ ತೆಗೆದಿರಿ?’ ಎಂಬ ಒಂದೇ ಪ್ರಶ್ನೆಗೆ ಉತ್ತರವಿಲ್ಲದೆ ಕುಳಿತಿದ್ದನ್ನು ನೋಡಿದ್ದೇನೆ. ಅದಕ್ಕೇ ಈ ಬರಹ.

ಎಣಿಸುವುದು ಏನನ್ನು ಎಂಬುದು ಮೊದಲು ತಿಳಿದಿರಲಿ. ಕಾಲರಾ, ಟೈಫಾಯ್ಡ್ ತರುವ ರೋಗಾಣುಗಳನ್ನು ನೀರಿನಲ್ಲಿ ಒಂದೊಂದಾಗಿ ಹುಡುಕುವುದು ಕಷ್ಟ. ಆದ್ದರಿಂದ ಮನುಷ್ಯರ, ದನಕರುಗಳ ಕರುಳಿನಲ್ಲಿ ಯಥೇಚ್ಛವಾಗಿರುವ ಮಲಜನ್ಯ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳನ್ನು ಲೆಕ್ಕ ಹಾಕುತ್ತಾರೆ. ಅವು ಇದ್ದಲ್ಲಿ ಮಲ ಸೇರಿರುವ ಸಾಧ್ಯತೆ ಹೆಚ್ಚು. ಸ್ನಾನಕ್ಕೆ ಬಳಸುವ ನದಿ ನೀರಿನ 100 ಮಿಲಿಲೀಟರ್‌ನಲ್ಲಿ ಇವು 500ರ ಒಳಗಿರಬೇಕು, ಯಾವ ಕಾರಣಕ್ಕೂ 2,500 ದಾಟಬಾರದು ಎನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಕುಡಿಯುವ ನೀರಾದರೆ 100 ಮಿಲಿಲೀಟರ್‌ನಲ್ಲಿ ಈ ಗುಂಪಿನದೇ ಆದ ಇ-ಕೊಲೈ ಬ್ಯಾಕ್ಟೀರಿಯಾ ಒಂದೂ ಕಾಣಬಾರದು.

ಮೊದಲ ಕೆಲಸ ಪ್ರಯೋಗಾಲಯಕ್ಕೆ ಫೋನ್ ಮಾಡುವುದು. ಸೂಕ್ಷ್ಮಜೀವಿ ಪರೀಕ್ಷೆ ಮಾಡುತ್ತಾರೆಯೇ, ಎಷ್ಟು ಗಂಟೆಯೊಳಗೆ ಮಾದರಿ ತಲುಪಬೇಕು ಎಂದು ಕೇಳಿ. ಶುಕ್ರವಾರ, ಶನಿವಾರ ಬೇಡ. ಬ್ಯಾಕ್ಟೀರಿಯಾ ಬೆಳೆದು ಕಾಣಿಸಿಕೊಳ್ಳಲು ಒಂದೆರಡು ದಿನ ಬೇಕು, ಭಾನುವಾರ ನೋಡುವವರಿರುವುದಿಲ್ಲ. ಸೋಮವಾರವೋ ಮಂಗಳವಾರವೋ ಹೋಗಿ.

ಬಾಟಲಿಯನ್ನು ಅವರಿಂದಲೇ ಪಡೆಯಿರಿ. ಸಿಗದಿದ್ದರೆ ಬಿಸಿ ತಡೆಯುವ 250 ಮಿಲಿಲೀಟರ್ ಗಾಜಿನ ಬಾಟಲಿಯನ್ನು ತೊಳೆದು, ಮುಚ್ಚಳವನ್ನು ಸಡಿಲವಾಗಿ ತಿರುಗಿಸಿ, ಕಾಗದ ಸುತ್ತಿ, ಕುಕ್ಕರಿನ ತಟ್ಟೆಯ ಮೇಲೆ ನಿಲ್ಲಿಸಿ, ಮೊದಲ ಕೂಗಿನ ನಂತರ 20 ನಿಮಿಷ ಬೇಯಿಸಿ. ಕುಕ್ಕರ್ ಪೂರ್ತಿ ತಣ್ಣಗಾದ ಮೇಲೆ ತೆಗೆದು ಮುಚ್ಚಳ ಬಿಗಿ ಮಾಡಿ. ಕುಡಿದು ಖಾಲಿಯಾದ ಮಿನರಲ್ ವಾಟರ್ ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದರೆ ಸಾಲದೇ ಎಂದು ಬಹಳ ಮಂದಿ ಕೇಳುತ್ತಾರೆ. ಸಾಲದು.

ಇನ್ನು ತುಂಬುವ ಹಂತ. ಇಲ್ಲಿ ಆತುರ ಬೇಡವೇ ಬೇಡ. ಸ್ಥಳ, ದಿನಾಂಕ, ಗಂಟೆಯನ್ನು ಬಾಟಲಿ ಒಣಗಿರುವಾಗಲೇ ಬರೆದು ಅಂಟಿಸಿ. ಕೈಯನ್ನು ಸೋಪಿನಿಂದ ತೊಳೆಯಿರಿ, ಗಾಯವಿದ್ದರೆ ಕೈಗವಸು ಹಾಕಿ. ಜನ ಬಟ್ಟೆ ಒಗೆಯುತ್ತಿರುವ, ಮುಳುಗು ಹಾಕುತ್ತಿರುವ ಮೆಟ್ಟಿಲಂಚಿನಲ್ಲಿ ತುಂಬಬೇಡಿ. ನೀರು ಸರಾಗವಾಗಿ ಹರಿಯುವ ಕಡೆ, ಮೊಣಕಾಲು ಮುಳುಗುವಷ್ಟು ದೂರ ಇಳಿದು, ಹರಿವಿಗೆ ಮುಖ ಮಾಡಿ ನಿಲ್ಲಿ. ಕಾಲಿನಿಂದ ಎದ್ದ ಬಗ್ಗಡ ಹಿಂದಕ್ಕೆ ಹರಿದುಹೋಗುವವರೆಗೆ ಕಾಯಿರಿ. ತಳದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಬಹುಕಾಲ ಬದುಕಿರುತ್ತವೆ, ಒಂದು ಚಿಟಿಕೆ ಕೆಸರು ಸೇರಿದರೂ ಲೆಕ್ಕ ತಪ್ಪುತ್ತದೆ. ದಡದ ಮೇಲೆ ಒಬ್ಬರು ಜೊತೆಗಿರಲಿ. ಅಣೆಕಟ್ಟೆಯಿಂದ ನೀರು ಬಿಟ್ಟ ದಿನ ಹೊಳೆಗೆ ಇಳಿಯಲೇಬೇಡಿ.

ಈಗ ಬಲಗೈಯಿಂದ ಬಾಟಲಿಯ ಬುಡ ಹಿಡಿಯಿರಿ. ಎಡಗೈಯಿಂದ ಮುಚ್ಚಳ ಬಿಚ್ಚಿ, ಅದರ ಒಳಮೈ ಕೆಳಮುಖವಾಗಿರುವಂತೆ ಬೆರಳ ತುದಿಯಲ್ಲಿ ಹಿಡಿದಿರಿ. ನೆಲಕ್ಕೂ ಇಡಬಾರದು, ಜೇಬಿಗೂ ಹಾಕಬಾರದು. ಬಾಟಲಿಯನ್ನು ತೊಳೆಯಬೇಡಿ, ಅದು ತೊಳೆದದ್ದಕ್ಕಿಂತ ಶುದ್ಧವಾಗಿದೆ. ಬಾಯಿ ಕೆಳಗೆ ಮಾಡಿ ಒಂದೇ ಸಲಕ್ಕೆ ಸುಮಾರು ಒಂದು ಗೇಣು ಆಳಕ್ಕೆ ಒತ್ತಿ. ಮೇಲ್ಪದರದ ಕಸ, ಪಾಚಿ ಒಳಗೆ ಹೋಗದಿರಲೆಂದೇ ಹೀಗೆ ಬೋರಲು ಮುಳುಗಿಸುವುದು. ಆ ಆಳದಲ್ಲಿ ಬಾಯಿಯನ್ನು ಹರಿವಿನ ಎದುರಿಗೆ, ತುಸು ಮೇಲ್ಮುಖವಾಗಿ ತಿರುಗಿಸಿ. ಗುಳುಗುಳು ಸದ್ದಿನೊಂದಿಗೆ ತುಂಬತೊಡಗುತ್ತದೆ. ಕೆರೆಯಲ್ಲಿ ಹರಿವು ಇರುವುದಿಲ್ಲವಲ್ಲ, ಅಲ್ಲಿ ಬಾಟಲಿಯನ್ನೇ ನಿಮ್ಮಿಂದ ಮುಂದಕ್ಕೆ ತಳ್ಳುತ್ತ ತುಂಬಿ. ನಿಮ್ಮ ಕೈ ಮುಟ್ಟಿದ ನೀರು ಬಾಟಲಿಗೆ ಸೇರಬಾರದು ಎಂಬುದಷ್ಟೇ ಇದರ ಗುಟ್ಟು. ಮೇಲೆತ್ತಿದ ಮೇಲೆ ಒಂದಂಗುಲ ಜಾಗ ಖಾಲಿ ಉಳಿಯುವಂತೆ ಸ್ವಲ್ಪ ಚೆಲ್ಲಿ, ಬಾಯಿ ಮುಟ್ಟದೆ ಮುಚ್ಚಿ. ಪರೀಕ್ಷಿಸುವವರು ಬಾಟಲಿಯನ್ನು ಕುಲುಕಬೇಕಾಗುತ್ತದೆ, ಅದಕ್ಕೆ ಆ ಜಾಗ. ಸೇತುವೆಯ ಮೇಲಿಂದ ಬಕೆಟ್ ಇಳಿಸಿ ಸೇದಿ, ಬಾಟಲಿಗೆ ಸುರಿಯುವ ಅಡ್ಡದಾರಿಯನ್ನು ನಾನು ಒಪ್ಪುವುದಿಲ್ಲ. ಬಕೆಟ್ಟಿನ ಕೊಳೆಯೂ ಎಣಿಕೆಗೆ ಸೇರುತ್ತದೆ.

ತುಂಬಿದ ಬಾಟಲಿ ಕೂಡಲೇ ಐಸ್ ಡಬ್ಬಿಗೆ ಹೋಗಬೇಕು. ಬಿಸಿಲಿಗೆ ಕೆಲವು ಬ್ಯಾಕ್ಟೀರಿಯಾ ಸಾಯುತ್ತವೆ, ಸೆಕೆಗೆ ಕೆಲವು ಹೆಚ್ಚುತ್ತವೆ. ಎರಡೂ ಬೇಡ. ಬಾಟಲಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಐಸ್ ಕರಗಿದ ನೀರು ಕಂಠಕ್ಕೆ ತಾಗದಂತೆ ನಿಲ್ಲಿಸಿ. ಮಾದರಿ ಹೆಪ್ಪುಗಟ್ಟಲೂಬಾರದು. ಆರು ಗಂಟೆಯೊಳಗೆ ತಲುಪಿಸಿ. ಮನೆಯ ಫ್ರಿಜ್ಜಿನಲ್ಲಿ ಎರಡು ದಿನ ಇಟ್ಟದ್ದನ್ನು ಚೆಲ್ಲಿ, ಹೊಸದಾಗಿ ತುಂಬಿಕೊಂಡು ಬನ್ನಿ.

ಅಂಗಡಿಯ ಸಾಮಾನುಗಳ ಬಗ್ಗೆ ಎರಡು ಮಾತು. ಟಿಡಿಎಸ್ ಮೀಟರನ್ನು ಕೆರೆಗೆ ಅದ್ದಿ ‘ನೀರು ಚೆನ್ನಾಗಿದೆ’ ಎನ್ನುವವರನ್ನು ನಂಬಬೇಡಿ. ಅದು ನೀರಿನಲ್ಲಿ ಕರಗಿರುವ ಲವಣಗಳ ಅಂದಾಜು ಕೊಡುತ್ತದೆ, ಬ್ಯಾಕ್ಟೀರಿಯಾ ಅದಕ್ಕೆ ಕಾಣುವುದಿಲ್ಲ. ಇನ್ನೊಂದು, ಮಲ ಸೇರಿದ ನೀರು ಹಾಕಿಟ್ಟರೆ ಕಪ್ಪಾಗುವ ಎಚ್‌ಟುಎಸ್ (ಹೈಡ್ರೋಜನ್ ಸಲ್ಫೈಡ್) ಬಾಟಲಿ. ಗ್ವಾಲಿಯರ್‌ನ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಈ ವಿಧಾನ ಹಳ್ಳಿಯ ಬಾವಿ, ಕೊಳವೆಬಾವಿಗಳಿಗೆ ನಿಜಕ್ಕೂ ಉಪಕಾರಿ. ಆದರೆ ಅದು ಹೇಳುವುದು ಇದೆ ಅಥವಾ ಇಲ್ಲ ಎಂದಷ್ಟೇ, ಎಷ್ಟಿದೆ ಎಂದಲ್ಲ. ಚರಂಡಿ ಸೇರುವ ಕೆರೆಯ ನೀರು ಹಾಕಿದರೆ ಕಪ್ಪಾಗಿಯೇ ಆಗುತ್ತದೆ, ಹೊಸದೇನೂ ತಿಳಿಯುವುದಿಲ್ಲ. ಬಳಸಿದ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಬ್ಲೀಚಿಂಗ್ ಪುಡಿಯ ಗಟ್ಟಿ ನೀರು ತುಂಬಿಸಿ ರಾತ್ರಿಯಿಡೀ ಬಿಟ್ಟು ಆಮೇಲೆ ಚೆಲ್ಲಿ, ಮಕ್ಕಳ ಕೈಗೆ ಸಿಗದಿರಲಿ.

ಒಂದು ಬಾಟಲಿಯಿಂದ ಹೊಳೆಯ ಗುಣ ಹೇಳಲಾಗದು. ಚರಂಡಿ ಸೇರುವ ಜಾಗಕ್ಕಿಂತ ಮೇಲೊಂದು, ಕೆಳಗೊಂದು ಮಾದರಿ ತೆಗೆಯಿರಿ. ತಿಂಗಳಿಗೊಮ್ಮೆ ಅದೇ ಜಾಗ, ಅದೇ ಬೆಳಗಿನ ಹೊತ್ತು. ಹಿಂದಿನ ದಿನ ಮಳೆ ಬಂದಿತ್ತೇ ಎಂದು ತಪ್ಪದೆ ಬರೆದಿಡಿ, ಬೀದಿಯ ಹೊಲಸನ್ನೆಲ್ಲ ಮಳೆ ತೊಳೆದು ತರುವುದರಿಂದ ಸಂಖ್ಯೆ ಏಕಾಏಕಿ ಏರುತ್ತದೆ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯೂ ನದಿ, ಕೆರೆಗಳ ನೀರನ್ನು ಪರೀಕ್ಷಿಸುತ್ತದೆ. ನಿಮ್ಮ ಸಂಖ್ಯೆಯನ್ನು ಅವರದರ ಪಕ್ಕದಲ್ಲಿಟ್ಟು ಮಾತನಾಡಲು ಈ ಟಿಪ್ಪಣಿಗಳೇ ಆಧಾರ.

ಮಾದರಿ ಕೊಡುವಾಗ ಇನ್ನೊಂದು ಮಾತು ಹೇಳಲು ಮರೆಯಬೇಡಿ. ಸಾಮಾನ್ಯವಾಗಿ 15 ಗಾಜಿನ ಕೊಳವೆಗಳಲ್ಲಿ, ಐದಕ್ಕೆ 10, ಐದಕ್ಕೆ 1, ಐದಕ್ಕೆ 0.1 ಮಿಲಿಲೀಟರ್‌ನಂತೆ ನೀರು ಹಾಕಿ ಬ್ಯಾಕ್ಟೀರಿಯಾ ಬೆಳೆಸುತ್ತಾರೆ. ಎಷ್ಟು ಕೊಳವೆಗಳಲ್ಲಿ ಅನಿಲದ ಗುಳ್ಳೆ ಬಂತು ಎಂದು ನೋಡಿ, ಕೋಷ್ಟಕದಿಂದ ಸಂಖ್ಯೆ ತೆಗೆಯುತ್ತಾರೆ. ಹದಿನೈದರಲ್ಲೂ ಬಂದರೆ ವರದಿಯಲ್ಲಿ ‘1,600ಕ್ಕಿಂತ ಹೆಚ್ಚು’ ಎಂದಷ್ಟೇ ಇರುತ್ತದೆ. ಅದು ಎರಡು ಸಾವಿರವೂ ಆಗಿರಬಹುದು, ಎರಡು ಲಕ್ಷವೂ ಆಗಿರಬಹುದು. ಆದ್ದರಿಂದ ‘ಇದು ಚರಂಡಿ ಸೇರುವ ನೀರು, ನೂರು ಪಟ್ಟು, ಸಾವಿರ ಪಟ್ಟು ತೆಳುವಾಗಿಸಿಯೂ ನೋಡಿ’ ಎಂದು ಕೇಳಿ, ಅರ್ಜಿಯ ಮೇಲೂ ಬರೆದುಕೊಡಿ.