ಅಂಕಪಟ್ಟಿಯಲ್ಲಿ ಕೆರೆ ಕಾಣಲಿಲ್ಲ

ನಾನು ಬೆಂಗಳೂರಿನ ಒಂದು ಸ್ವಾಯತ್ತ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಪ್ಲಾಸ್ಟಿಕ್ ಹೊದಿಕೆಯೊಳಗಿನ ಅಂಕಪಟ್ಟಿಯನ್ನು ನನ್ನ ಮೇಜಿನ ಮೇಲಿಟ್ಟು, "ನಾನು ಕೆರೆಗಳ ಬಗ್ಗೆ ಓದಿದ್ದು ಇದರಲ್ಲಿ ಎಲ್ಲಿದೆ ಸರ್?" ಎಂದು ಕೇಳಿದಳು. ಹುಡುಕಿದೆ, ಇರಲಿಲ್ಲ. ಇದ್ದದ್ದು 'ವಿಶೇಷ ವಿಷಯಗಳ ಸೆಮಿನಾರ್, 2 ಕ್ರೆಡಿಟ್' ಎಂಬ ಒಂದು ಸಾಲು. ಮುಂದಿನ ಸೆಮಿಸ್ಟರ್‌ನಲ್ಲಿ ಅವಳು ಬೇರೆ ವಿಭಾಗದ ಬೇರೆಯದೇ ಸೆಮಿನಾರ್ ತೆಗೆದುಕೊಂಡಿದ್ದಳು. ಅಲ್ಲಿಯೂ ಅದೇ ಸಾಲು, ಅದೇ ಸಂಕೇತ ಸಂಖ್ಯೆ. ಪರೀಕ್ಷಾ ವಿಭಾಗದ ತಂತ್ರಾಂಶ ಎರಡನೆಯದನ್ನು ಮೊದಲನೆಯದರ ಮರುಪರೀಕ್ಷೆ ಎಂದು ಭಾವಿಸಿ ಎರಡು ಕ್ರೆಡಿಟ್‌ಗಳನ್ನು ನುಂಗಿಬಿಟ್ಟಿತ್ತು.

ಆ ಸೆಮಿನಾರ್ ನನಗೆ ಅಚ್ಚುಮೆಚ್ಚಿನದು. ಶನಿವಾರ ಬೆಳಿಗ್ಗೆ ಹದಿನಾಲ್ಕು ಮಂದಿ ಹಳೆಯ ನಕ್ಷೆಯ ಪ್ರತಿ ಹಿಡಿದು ಮೆಜೆಸ್ಟಿಕ್‌ನಲ್ಲಿ ಸೇರುತ್ತಿದ್ದೆವು. ಬಸ್ಸುಗಳು ನಿಂತಿರುವ ಜಾಗದಲ್ಲೇ ಧರ್ಮಾಂಬುಧಿ ಕೆರೆ ಇತ್ತೆಂದರೆ ಮೊದಲ ದಿನ ಯಾರೂ ನಂಬುತ್ತಿರಲಿಲ್ಲ. ಅಲ್ಲಿಂದ ಕಂಠೀರವ ಕ್ರೀಡಾಂಗಣಕ್ಕೆ. ಅದು ಎದ್ದಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಆ ಕೆರೆಯಲ್ಲಿ ಈಗ ಉಳಿದಿರುವುದು ಕರಗದ ವಿಧಿಗಳಿಗೆ ಬೇಕಾಗುವ ಒಂದು ಪುಟ್ಟ ಕೊಳ ಮಾತ್ರ. ಕೊನೆಗೆ 1882ರ ಸ್ಯಾಂಕಿ ಕೆರೆಯ ಏರಿಯ ಮೇಲೆ ಕುಳಿತು ಅವರವರ ಪ್ರಬಂಧ ಓದುವುದು. ಇಷ್ಟೆಲ್ಲ ನಡೆದದ್ದಕ್ಕೆ ಅಂಕಪಟ್ಟಿಯಲ್ಲಿ ಹೆಸರೇ ಇಲ್ಲ.

ದೂರು ಬರೆದುಕೊಟ್ಟೆ. ದೂರಿದವನ ಹೆಗಲಿಗೇ ಕೆಲಸ ಕಟ್ಟುವುದು ನಮ್ಮ ಕಾಲೇಜಿನ ಸಂಪ್ರದಾಯ. ನಿಯಮ ಪರಿಷ್ಕರಣೆಗೆ ಮೂವರ ಸಮಿತಿಯಾಯಿತು: ನಾನು, ಗಣಿತದ ಸಹೋದ್ಯೋಗಿ ಮತ್ತು ಪರೀಕ್ಷಾ ವಿಭಾಗದ ಅಧೀಕ್ಷಕರು.

ಹಳೆಯ ನಿಯಮ ಅರ್ಧ ಪುಟದ್ದು. 'ಅಗತ್ಯವಿದ್ದಲ್ಲಿ ವಿಭಾಗವು ವಿಶೇಷ ವಿಷಯದ ಸೆಮಿನಾರ್ ನಡೆಸಬಹುದು' ಎಂಬುದು ಅದರ ಸಾರ. ಹೊಸದನ್ನು ಬರೆಯಲು ಕೂರುವ ಮೊದಲು ಆರು ವರ್ಷಗಳ ಕಡತ ತೆಗೆಸಿ ನೋಡೋಣ ಎಂದವರು ಅಧೀಕ್ಷಕರು. ಸಮಿತಿಯಲ್ಲಿ ಆಡಿದ ಮಾತುಗಳಲ್ಲೆಲ್ಲ ಅದೇ ಹೆಚ್ಚು ಉಪಯೋಗಕ್ಕೆ ಬಂತು. ಒಂದು ವಿಭಾಗ ಒಂದೇ ವಿಷಯವನ್ನು ಐದು ಸಲ ನಡೆಸಿತ್ತು, ಪಠ್ಯಕ್ರಮಕ್ಕೆ ಒಪ್ಪಿಗೆ ಕೊಡುವ ಅಧ್ಯಯನ ಮಂಡಳಿಯ ಮುಂದೆ ಒಮ್ಮೆಯೂ ಇಟ್ಟಿರಲಿಲ್ಲ. ಇನ್ನೊಂದು ಕಡೆ, ವಾರಕ್ಕೆ ಹದಿನಾರು ಗಂಟೆಯ ಬೋಧನಾ ಭಾರ ತುಂಬದ ಅಧ್ಯಾಪಕರಿಗೆ ಸೆಮಿನಾರ್ ಸಂದು ತುಂಬುವ ಮಣ್ಣಾಗಿತ್ತು. ನನ್ನ ಹೆಸರೂ ಸಿಕ್ಕಿತು: ಕೆರೆಗಳ ಸೆಮಿನಾರನ್ನು ನಾನೂ ನಾಲ್ಕು ಸಲ ನಡೆಸಿದ್ದೆ.

ಹಾಗಾಗಿ ಒಂದು ವಿಷಯವನ್ನು ಎಷ್ಟು ಸಲ ಕೊಡಬಹುದು ಎಂಬ ಚರ್ಚೆಯಲ್ಲಿ ನನ್ನ ಬಾಯಿ ಕಟ್ಟಿತ್ತು. ಆದರೂ ಮೂರು ಎಂದೆ. ಗಣಿತದವರು ಎರಡಕ್ಕಿಂತ ಮೇಲೆ ಹೋಗಲಿಲ್ಲ: "ಮೂರನೆಯ ಸಲವೂ ಕೊಡುವಷ್ಟು ಚೆನ್ನಾಗಿದ್ದರೆ ಪಠ್ಯಕ್ರಮ ಬರೆದು ಮಂಡಳಿಗೆ ಒಯ್ಯಿರಿ, ನಿಮಗೇನು ಸೋಮಾರಿತನವೇ?" ಸೋಮಾರಿತನವೇ ಆಗಿತ್ತು. ಎರಡು ಎಂದೇ ಬರೆದೆವು.

ಗಂಟೆಗಳ ಲೆಕ್ಕಕ್ಕೆ ಎರಡು ಸಭೆ ಹಿಡಿಯಿತು. ತರಗತಿಯ ಪಾಠಕ್ಕೆ ಹದಿನೈದು ಗಂಟೆಗೆ ಒಂದು ಕ್ರೆಡಿಟ್, ಪ್ರಾಯೋಗಿಕಕ್ಕೆ ಮೂವತ್ತು. ಕೆರೆ ಸುತ್ತುವುದು ಯಾವುದು? ಪಾಠವೆಂದರೆ ಪರೀಕ್ಷಾ ವಿಭಾಗ ಒಪ್ಪದು. ಎಲ್ಲವೂ ಪ್ರಾಯೋಗಿಕವೆಂದರೆ ಎರಡು ಕ್ರೆಡಿಟ್‌ಗೆ ಅರವತ್ತು ಗಂಟೆ, ವಿದ್ಯಾರ್ಥಿಗಳು ಓಡಿಹೋಗುತ್ತಾರೆ. ತರಗತಿಯಲ್ಲಿ ಇಪ್ಪತ್ತು, ಹೊರಗೆ ಇಪ್ಪತ್ತು ಎಂದು ಹಾಕಿ ನೋಡಿದೆವು. ಒಂದೂ ಮೂರನೆಯ ಒಂದು ಕ್ರೆಡಿಟ್, ಮೂರನೆಯ ಎರಡು ಕ್ರೆಡಿಟ್, ಕೂಡಿದರೆ ಸರಿಯಾಗಿ ಎರಡು. ಗಣಿತದವರು ಅಂದು ಮೊದಲ ಬಾರಿಗೆ ನಕ್ಕರು.

ಒಪ್ಪಿಗೆಯ ದಾರಿಯನ್ನು ಬೇಕೆಂದೇ ಚಿಕ್ಕದಾಗಿಟ್ಟೆವು. ಅಧ್ಯಯನ ಮಂಡಳಿಯಲ್ಲಿ ಹೊರಗಿನ ತಜ್ಞರು, ಕುಲಪತಿಗಳ ನಾಮನಿರ್ದೇಶಿತರು, ಹಳೆಯ ವಿದ್ಯಾರ್ಥಿ ಎಲ್ಲರೂ ಇರುತ್ತಾರೆ. ಅಷ್ಟೂ ಜನರ ದಿನಾಂಕ ಹೊಂದುವ ಹೊತ್ತಿಗೆ ವಿಷಯ ಹಳಸಿರುತ್ತದೆ. ಆದ್ದರಿಂದ ಸೆಮಿಸ್ಟರ್ ಆರಂಭಕ್ಕೆ ಆರು ವಾರ ಮುಂಚೆ ಒಂದು ಪುಟದ ಪ್ರಸ್ತಾವ, ಒಳಗಿನ ಮೂವರ ಒಪ್ಪಿಗೆ, ಮಂಡಳಿಯ ಮುಂದಿನ ಸಭೆಗೆ ವರದಿ.

ಕರಡು ಸಿದ್ಧವಾಯಿತು ಎನ್ನುವಾಗ 2024ರ ಮೇ ಬಂತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯೊಂದಿಗೆ ಬಂದಿದ್ದ ನಾಲ್ಕು ವರ್ಷದ ಪದವಿಯನ್ನು ರಾಜ್ಯ ಸರ್ಕಾರ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಮರಳಿತು. ಏಳು ಮತ್ತು ಎಂಟನೆಯ ಸೆಮಿಸ್ಟರ್‌ಗಳಿಗೆಂದು ನಾವು ಹೆಣೆದಿದ್ದ ಕೋಷ್ಟಕ ಕಸದ ಬುಟ್ಟಿಗೆ ಹೋಯಿತು. ಆಮೇಲೆ ಸೆಮಿಸ್ಟರ್ ಸಂಖ್ಯೆಯನ್ನೇ ತೆಗೆದು 'ಪದವಿಯ ಕೊನೆಯ ಎರಡು ಸೆಮಿಸ್ಟರ್‌ಗಳಲ್ಲಿ' ಎಂದು ಬರೆದೆವು. ಇನ್ನು ಯಾರು ಏನು ಬದಲಿಸಿದರೂ ಆ ಸಾಲು ನಿಲ್ಲುತ್ತದೆ.

ಇಂಥ ನಿಯಮಗಳಿಗೆ ಕೊನೆಯ ಒಪ್ಪಿಗೆ ಕೊಡುವ ಅಕಾಡೆಮಿಕ್ ಕೌನ್ಸಿಲ್‌ನಲ್ಲಿ ನಾನು ಸೋತದ್ದು ಒಂದೇ ಕಡೆ. ಪ್ರಬಂಧ ಮತ್ತು ಮೌಖಿಕ ಸಾಕು ಎಂದಿದ್ದೆ. ಲಿಖಿತ ಪರೀಕ್ಷೆಯಿಲ್ಲದ ಕೋರ್ಸ್ ಎಂಥದ್ದು ಎಂದು ಹೊರಗಿನ ಸದಸ್ಯರೊಬ್ಬರು ಹಟ ಹಿಡಿದರು. ಇಪ್ಪತ್ತು ಅಂಕಗಳ ಪರೀಕ್ಷೆ ಸೇರಿತು. ಅದು ಕಾಗದದ ದಂಡ ಎಂದು ಈಗಲೂ ನನ್ನ ಅಭಿಪ್ರಾಯ.

ಇಷ್ಟಾದ ಮೇಲೆ ವಿಷಯದ ಹೆಸರು ಅಂಕಪಟ್ಟಿಯಲ್ಲಿ ಬರಬೇಕಲ್ಲ? ಪ್ರತಿ ವಿಷಯಕ್ಕೂ ಬೇರೆ ಸಂಕೇತ ಕೊಟ್ಟೆವು, ಹೆಸರಿಗೊಂದು ಅಂಕಣ ಮಾಡಿಸಿದೆವು. ಮೊದಲ ಸಲ ಕನ್ನಡ ವಿಭಾಗದವರು 'ಹೊಸಗನ್ನಡದ ಆರಂಭಕಾಲದ ಸ್ತ್ರೀ ಆತ್ಮಕಥನಗಳು' ಎಂಬ ಸೆಮಿನಾರ್ ನಡೆಸಿದರು. ಅಂಕಪಟ್ಟಿಯ ಮಾದರಿ ಪ್ರತಿಯಲ್ಲಿ ಬಂದದ್ದು 'ಹೊಸಗನ್ನಡದ ಆರಂಭಕಾಲದ ಸ್ತ್ರೀ ಆತ್ಮ'. ವಿಭಾಗದ ಮುಖ್ಯಸ್ಥೆ ಆ ಹಾಳೆಯನ್ನು ಹಿಡಿದುಕೊಂಡೇ ನನ್ನ ಕೋಣೆಗೆ ಬಂದರು.

ಅಂಕಣಕ್ಕೆ ಮೂವತ್ತರ ಮಿತಿ ಇತ್ತು. ನಮ್ಮ ಲೆಕ್ಕದಲ್ಲಿ ಆ ಶೀರ್ಷಿಕೆ ಇಪ್ಪತ್ತು ಅಕ್ಷರ, ಮೂರು ಖಾಲಿ ಜಾಗ. ಕಂಪ್ಯೂಟರು ಲಿಪಿಗಳನ್ನು ಗುರುತಿಸುವ ಸಂಕೇತ ಪದ್ಧತಿಯಾದ ಯೂನಿಕೋಡ್ ಹಾಗೆ ಎಣಿಸುವುದಿಲ್ಲ. ಒತ್ತು, ಗುಣಿತ, ಕಾಣದ ಅರ್ಧಾಕ್ಷರ ಚಿಹ್ನೆ ಎಲ್ಲವೂ ಅದಕ್ಕೆ ಬೇರೆ ಬೇರೆ. 'ಕೆರೆ' ಎಂದರೆ ನಾಲ್ಕು, 'ಸ್ತ್ರೀ' ಒಂದಕ್ಕೇ ಆರು. ಒಟ್ಟು ಮೂವತ್ತಾರಾಗಿ ಕೊನೆಯ ಆರು ಕತ್ತರಿಸಿಹೋಗಿದ್ದವು. ಮಿತಿಯನ್ನು ನೂರಕ್ಕೇರಿಸಲು ತಂತ್ರಾಂಶದವನಿಗೆ ಹತ್ತು ನಿಮಿಷ ಹಿಡಿಯಿತು, ಅವನನ್ನು ಕರೆಸಲು ನಮಗೆ ಮೂರು ವಾರ.

ಹೊಸ ನಿಯಮ ಹಿಂದಿನವರಿಗೆ ಅನ್ವಯಿಸುವುದಿಲ್ಲ. ಆ ಹುಡುಗಿಯ ಎರಡು ಕ್ರೆಡಿಟ್‌ಗಳನ್ನು ಪರೀಕ್ಷಾ ವಿಭಾಗ ಕೈಯಾರೆ ತಿದ್ದಿಕೊಟ್ಟಿತು. ಹೆಸರಿಗೆ ಮಾತ್ರ ನಾನು ಕಾಲೇಜಿನ ಲೆಟರ್‌ಹೆಡ್‌ನಲ್ಲಿ 'ಈಕೆ ಬೆಂಗಳೂರಿನ ಕೆರೆಗಳ ಇತಿಹಾಸ ಅಧ್ಯಯನ ಮಾಡಿರುತ್ತಾಳೆ' ಎಂದು ಪತ್ರ ಬರೆದು ಮೊಹರು ಹಾಕಿಸಿ ಕೊಟ್ಟೆ. ಆ ನಾಲ್ಕು ತಂಡಗಳವರು ಈಗಲೂ ಒಬ್ಬೊಬ್ಬರಾಗಿ ಬರುತ್ತಾರೆ. ಪತ್ರದ ನಮೂನೆ ಕಂಪ್ಯೂಟರಿನಲ್ಲಿದೆ, ಹೆಸರು ಮತ್ತು ವರ್ಷ ಬದಲಿಸಿ ಮುದ್ರಿಸಿಕೊಡುತ್ತೇನೆ.