ದುಡಿಯುವ ಗಾಡಿಗೆ ಕೋಟಿಂಗ್: ಬಾನೆಟ್ ಮೇಲೆ ಮೊದಲು ಪರೀಕ್ಷೆ ಮಾಡಿ

ಆಯುಧಪೂಜೆ ಮುಗಿದು ಒಂದು ವಾರವಾಗಿತ್ತು. ನಮ್ಮ ಪಿಕಪ್‌ನ ಬಿಳಿ ಬಾನೆಟ್ ಮೇಲೆ ಅರಿಸಿನದ ಬೆರಳಚ್ಚು ಇನ್ನೂ ಕೂತಿತ್ತು. ಚೆಂಡುಹೂವಿನ ಮಾಲೆ ಅಂಟಿಸಿದ್ದ ಟೇಪಿನ ಗೋಂದು ಕಪ್ಪಗಾಗಿತ್ತು. ಅರಿಸಿನದ ಕಲೆ ಬಿಸಿಲಿಗೆ ತಾನೇ ಮಾಸುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಅದರ ಸುತ್ತ ಕೈಯಾಡಿಸಿದಾಗ ಪೇಂಟ್ ಉಪ್ಪುಕಾಗದದ ಹಾಗೆ ಗರಗರ ಅಂದಿತು. ಪೇಂಟಿನ ಮೇಲೆ ರಕ್ಷಣೆಯ ಕೋಟಿಂಗ್ ಹಚ್ಚಿ ನೋಡುವ ಈ ಪ್ರಯೋಗಕ್ಕೆ ಆವತ್ತೇ ಮನಸ್ಸು ಮಾಡಿದೆ.

ಗಾಡಿಯ ದಿನಚರಿ ಹೀಗಿದೆ. ರಾತ್ರಿ ಎರಡಕ್ಕೆ ನವಿ ಮುಂಬೈಯಲ್ಲಿ ವಾಶಿಯ ಎಪಿಎಂಸಿ ತರಕಾರಿ ಮಾರ್ಕೆಟ್. ಅಲ್ಲಿಂದ ಮಾಟುಂಗಾ, ಸಯನ್ ಕಡೆಯ ನಮ್ಮವರ ಹೋಟೆಲ್‌ಗಳಿಗೆ ತೆಂಗಿನಕಾಯಿ, ಬಾಳೆಎಲೆ, ಕರಿಬೇವು. ಮಧ್ಯಾಹ್ನ ಬಾಡಿಗೆ ಸಿಕ್ಕರೆ ಕಳಂಬೋಲಿಯ ಸ್ಟೀಲ್ ಮಾರ್ಕೆಟ್. ಓಡಿಸುವವರು ವಿಜಯಪುರ ಕಡೆಯ ಕಾಕಾ. ನಾನು ಶಾಂಪೂ, ಸ್ಪ್ರೇ, ಸಣ್ಣ ಬಾಟಲಿಗಳನ್ನೆಲ್ಲ ಸಾಲಾಗಿ ಇಟ್ಟಿದ್ದು ನೋಡಿ, "ಏನ್ರೀ, ಗಾಡಿಗೆ ಸ್ನೋ ಪೌಡರ್ ಹಚ್ಚಾಕತ್ತೀರೇನು?" ಎಂದರು.

ಹೊಳಪು ನನಗೂ ಬೇಕಿರಲಿಲ್ಲ. ಬಾಡಿಗೆ ಗಾಡಿ ಮದುವಣಗಿತ್ತಿಯಲ್ಲ. ನನಗೆ ಬೇಕಿದ್ದದ್ದು ಒಂದೇ ಉತ್ತರ: ಇದನ್ನು ಹಚ್ಚಿದರೆ ತೊಳೆಯುವ ಕೆಲಸ ಕಡಿಮೆಯಾಗುತ್ತದೆಯೇ?

ಏನು ಕೊಳ್ಳಬೇಕು

ಅಂಗಡಿಯಲ್ಲಿ ಮೂರು ಬಗೆಯ ರಕ್ಷಣೆ ಸಿಗುತ್ತದೆ. ಒಂದು, ಹಳೆಯ ಕಾಲದ ವ್ಯಾಕ್ಸ್. ಇದರಲ್ಲಿ ಒಳ್ಳೆಯದೆಂದು ಹೆಸರಾದ ಕಾರ್ನೌಬಾ ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುತ್ತದೆ. ಚೆನ್ನಾಗಿ ಕಾಣುತ್ತದೆ, ಬೇಗ ಹೋಗುತ್ತದೆ. ಎರಡು, ಸ್ಪ್ರೇ ಸೀಲಂಟ್. ತೊಳೆದ ಗಾಡಿಗೆ ಸಿಂಪಡಿಸಿ ಒರೆಸಿದರೆ ಮುಗಿಯಿತು. ಮೂರು, ಸಣ್ಣ ಬಾಟಲಿಯಲ್ಲಿ ಬರುವ ಸಿರಾಮಿಕ್ ಕೋಟಿಂಗ್. ಇದರ ಮೂಲ ಸಿಲಿಕಾ, ಅಂದರೆ ಮರಳಿನಲ್ಲೂ ಗಾಜಿನಲ್ಲೂ ಇರುವ ವಸ್ತು. ಇದು ಗಟ್ಟಿಯಾಗಿ ಪೇಂಟಿಗೆ ಅಂಟಿಕೊಂಡು ಕೂರುತ್ತದೆ.

ಬಾಟಲಿಯ ಮೇಲೆ ದೊಡ್ಡದಾಗಿ '9ಎಚ್' ಎಂದು ಬರೆದಿರುತ್ತಾರೆ. ವಜ್ರದ ಗಟ್ಟಿತನ ಎಂದು ಅಂಗಡಿಯವರು ಹೇಳಿದರೆ ಸುಮ್ನೆ ನಕ್ಕುಬಿಡಿ. ಅದು ಪೆನ್ಸಿಲ್ ಗಟ್ಟಿತನದ ಲೆಕ್ಕ. 9ಎಚ್ ಪೆನ್ಸಿಲ್ಲಿನಿಂದ ಗೀಚಿದರೆ ಗೆರೆ ಬೀಳುವುದಿಲ್ಲ ಎಂದರ್ಥ, ಅಷ್ಟೇ. ಕಂಪನಿಯ ಪೇಂಟ್ ಎಲ್ಲ ಪದರ ಸೇರಿ ಸುಮಾರು 100ರಿಂದ 150 ಮೈಕ್ರಾನ್ ಇರುತ್ತದೆ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅದರ ಮೇಲೆ ಕೂರುವ ಈ ಕೋಟಿಂಗ್ ಒಂದೆರಡು ಮೈಕ್ರಾನ್. ಮಾಥಾಡಿಗಳು, ಅಂದರೆ ಮಾರ್ಕೆಟ್‌ನ ಹಮಾಲರು, ಕ್ರೇಟ್ ಎಳೆದರೆ ಅದು ತಡೆಯುವುದಿಲ್ಲ. ಗೀರು ತಡೆಯಲೇಬೇಕಿದ್ದರೆ ಪಿಪಿಎಫ್ ಎಂಬ ದಪ್ಪ ಪಾರದರ್ಶಕ ಫಿಲ್ಮ್ ಇದೆ, ಬೆಲೆ ಜಾಸ್ತಿ. ತಾಡಪತ್ರಿಯ ಹಗ್ಗ ಉಜ್ಜುವ ಅಂಚಿಗೆ ನಾನು ರಬ್ಬರ್ ಪಟ್ಟಿ ಅಂಟಿಸಿದೆ. ಕೆಲಸ ನಡೆಯುತ್ತಿದೆ.

ನಾನು ಒಂದೇ ಕಂಪನಿಯ ಐದು ವಸ್ತು ಕೊಂಡೆ: ಶಾಂಪೂ, ಕಬ್ಬಿಣದ ಪುಡಿ ಕರಗಿಸುವ ಸ್ಪ್ರೇ, ಕ್ಲೇ (ಪೇಂಟಿಗೆ ಅಂಟಿ ಕೂತ ಕೊಳೆ ಎತ್ತುವ ಉಂಡೆ), ಸ್ಪ್ರೇ ಸೀಲಂಟ್, ಸಿರಾಮಿಕ್. ಜೊತೆಗೆ ಎಂಟು ಮೈಕ್ರೊಫೈಬರ್ ಬಟ್ಟೆ, ಎರಡು ಬಕೆಟ್, ಕೈಗವಸು, ಮಾಸ್ಕಿಂಗ್ ಟೇಪ್.

ಯಾವಾಗ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈಯಲ್ಲಿ ಇದರ ಹೆಸರೆತ್ತಬೇಡಿ. ಅಕ್ಟೋಬರ್‌ನಲ್ಲಿ ಸೆಕೆ, ತಗಡು ಕಾದಿರುತ್ತದೆ. ಡಿಸೆಂಬರ್, ಜನವರಿ ಹಿತ. ಬೆಳಗ್ಗೆ ಏಳಕ್ಕೆ ನೆರಳಲ್ಲಿ ಶುರುಮಾಡಿ. ಬಾನೆಟ್ ಮೇಲೆ ಅಂಗೈ ಇಟ್ಟರೆ ತಣ್ಣಗಿರಬೇಕು. ರಾತ್ರಿ ಓಡಿ ಬಂದ ಗಾಡಿಯಾದರೆ ಇಂಜಿನ್ ಆರುವ ತನಕ ಕಾಯಿರಿ, ಚಹಾ ಕುಡಿದು ಬನ್ನಿ.

ತೊಳೆಯುವುದು: ಕೆಲಸದ ಮುಕ್ಕಾಲು ಭಾಗ

ಮೊದಲು ಬರೀ ನೀರು, ಪೈಪಿನಿಂದ ಜೋರಾಗಿ. ಸಡಿಲ ಮಣ್ಣು ಹೋಗದೆ ಬಟ್ಟೆ ಮುಟ್ಟಿಸಿದರೆ ಅದೇ ಮಣ್ಣಿನಿಂದ ಗಾಡಿಯನ್ನು ಉಜ್ಜಿದ ಹಾಗೆ. ಆಮೇಲೆ ಎರಡು ಬಕೆಟ್. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಒಂದು ಭಾಗ ಉಜ್ಜಿ, ಬಟ್ಟೆಯನ್ನು ಬರೀ ನೀರಲ್ಲಿ ಜಾಲಿಸಿ, ಮತ್ತೆ ಶಾಂಪೂಗೆ ಅದ್ದಿ. ಮೇಲಿನಿಂದ ಕೆಳಕ್ಕೆ ಬನ್ನಿ. ಚಕ್ರಕ್ಕೆ ಬೇರೆಯೇ ಬಟ್ಟೆ ಇಡಿ.

ಕಾಕಾ ಇಷ್ಟು ವರ್ಷ ಬಟ್ಟೆ ಒಗೆಯುವ ಪುಡಿಯನ್ನೇ ಹಾಕುತ್ತಿದ್ದರು. ಅದರಲ್ಲಿ ಕ್ಷಾರ ಜಾಸ್ತಿ. ಜಿಡ್ಡಿನ ಜೊತೆ ನೀವು ಹಚ್ಚಿದ ವ್ಯಾಕ್ಸೂ ಹೋಗುತ್ತದೆ. ಶಾಂಪೂ ಇಲ್ಲದ ದಿನ ಬರೀ ನೀರಲ್ಲಿ ತೊಳೆಯಿರಿ, ಪರವಾಗಿಲ್ಲ.

ನೀರಿನದೇ ಒಂದು ಕತೆ. ನವಿ ಮುಂಬೈಯ ನಲ್ಲಿಗೆ ಮೋರಬೆ ಅಣೆಕಟ್ಟಿನ ನೀರು ಬರುತ್ತದೆ, ಅದರಲ್ಲಿ ತೊಂದರೆಯಿಲ್ಲ. ನಮ್ಮ ಗಾಡಿ ನಿಲ್ಲುವ ಜಾಗದಲ್ಲಿ ಬರುವುದು ಬೋರ್‌ವೆಲ್ ಟ್ಯಾಂಕರ್ ನೀರು. ಅದು ಗಡಸು. ಒರೆಸದೆ ಬಿಟ್ಟರೆ ಹನಿ ಒಣಗಿದಲ್ಲೆಲ್ಲ ಬಿಳಿ ಚುಕ್ಕೆ. ಈ ಮಾತಿಗೆ ಮತ್ತೆ ಬರುತ್ತೇನೆ.

ಬಾಗಿಲಿನ ಕೆಳಗೆ ಡಾಂಬರಿನ ಚುಕ್ಕೆಗಳಿದ್ದರೆ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಮೆಲ್ಲಗೆ ಒತ್ತಿ ತೆಗೆಯಿರಿ. ಆಮೇಲೆ ಆ ಜಾಗವನ್ನು ಶಾಂಪೂ ಹಾಕಿ ಮತ್ತೊಮ್ಮೆ ತೊಳೆಯಿರಿ.

ನೇರಳೆ ಬಣ್ಣದ ಕಣ್ಣೀರು

ಈಗ ಕಬ್ಬಿಣದ ಸ್ಪ್ರೇ. ಕಾಕಾ ನಗು ನಿಲ್ಲಿಸಿದ್ದು ಇಲ್ಲಿ.

ಸ್ಟೀಲ್ ಮಾರ್ಕೆಟ್‌ನಲ್ಲಿ ಕಬ್ಬಿಣ ಕತ್ತರಿಸುವಾಗ ಹಾರುವ ಕಿಡಿ, ಬ್ರೇಕಿನಿಂದ ಬರುವ ಪುಡಿ, ರೈಲು ಹಳಿಯ ಪಕ್ಕದ ಧೂಳು, ಇವೆಲ್ಲ ಪೇಂಟಿನಲ್ಲಿ ಚುಚ್ಚಿಕೊಂಡು ಕೂರುತ್ತವೆ. ಸಮುದ್ರದ ತೇವಕ್ಕೆ ತುಕ್ಕು ಹಿಡಿಯುತ್ತವೆ. ಬಿಳಿ ಗಾಡಿಗಳ ಮೈಮೇಲೆ ಕಾಣುವ ಕಂದು ಚುಕ್ಕೆಗಳು ಇವೇ. ಎಷ್ಟೋ ಮಂದಿ ಒಳಗಿನ ತಗಡಿಗೇ ತುಕ್ಕು ಬಂತು ಎಂದು ಗಾಬರಿಯಾಗಿ ಪೇಂಟರ್ ಹತ್ತಿರ ಓಡುತ್ತಾರೆ.

ಒದ್ದೆಯಲ್ಲದ, ತಣ್ಣಗಿನ ಬಾನೆಟ್ ಮೇಲೆ ಸಿಂಪಡಿಸಿ ಮೂರ್ನಾಲ್ಕು ನಿಮಿಷ ಬಿಡಿ. ಸ್ಪ್ರೇಯಲ್ಲಿರುವ ರಾಸಾಯನಿಕ ಕಬ್ಬಿಣದ ಜೊತೆ ಸೇರಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಬಿಳಿ ಬಾನೆಟ್ ತುಂಬಾ ನೇರಳೆ ಹನಿಗಳು ಒಂದೊಂದಾಗಿ ಇಳಿದವು. "ಯವ್ವಾ, ಗಾಡಿ ಅಳಾಕತ್ತೈತಿ" ಎಂದರು ಕಾಕಾ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಅದು ಸಹಜ. ಕೈಗವಸು ಹಾಕಿ, ಗಾಳಿಯಾಡುವಲ್ಲಿ ಮಾಡಿ. ಸ್ಪ್ರೇ ಒಣಗುವುದಕ್ಕೆ ಮಾತ್ರ ಬಿಡಬೇಡಿ. ಚೆನ್ನಾಗಿ ನೀರು ಹಾಯಿಸಿ.

ಕ್ಲೇ, ಮತ್ತು ನನ್ನ ತಪ್ಪು

ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಪೇಂಟ್ ಮೇಲೆ ಆಡಿಸಿ. ಬರಿಗೈಗೆ ಗೊತ್ತಾಗದ ಗರಗರ ಚೀಲದ ಮೂಲಕ ಗೊತ್ತಾಗುತ್ತದೆ. ಅದು ಇರುವಲ್ಲಿ ಮಾತ್ರ ಕ್ಲೇ ಬೇಕು. ಮಕ್ಕಳ ಆಟದ ಜೇಡಿಯ ಹಾಗಿರುವ ಈ ಉಂಡೆಯನ್ನು ಚಪ್ಪಟೆ ಮಾಡಿ, ಶಾಂಪೂ ನೀರು ಧಾರಾಳವಾಗಿ ಹಾಕಿ, ಒತ್ತದೆ ಜಾರಿಸಿ. ಆಗಾಗ ಮಡಿಸಿ ಹೊಸ ಮುಖ ತೆಗೆಯಿರಿ.

ಕ್ಲೇ ಕೆಳಗೆ ಬಿದ್ದರೆ ಅದರ ಆಯುಸ್ಸು ಮುಗಿಯಿತು. ನನ್ನದು ಬಿತ್ತು. ದುಡ್ಡು ಕೊಟ್ಟದ್ದಲ್ವಾ ಅಂತ ತೊಳೆದು ಮತ್ತೆ ಉಜ್ಜಿದೆ. ಎಡಬಾಗಿಲ ಮೇಲೆ ಈಗಲೂ ಗೇಣುದ್ದದ ನಾಲ್ಕು ಗೀರುಗಳಿವೆ. ಕಾಕಾ ಬಂದವರಿಗೆಲ್ಲ ತೋರಿಸುತ್ತಾರೆ.

ಪಾಲಿಶ್ ಬೇಕೇ? ಪೇಂಟ್ ಮಾಸಿಹೋಗಿದ್ದರೆ ಮಾತ್ರ. ಪಾಲಿಶ್ ಎಂದರೆ ಪೇಂಟನ್ನು ತುಸು ಸವೆಸುವುದು, ನೆನಪಿರಲಿ. ಕೆಲವು ದುಡಿಯುವ ಗಾಡಿಗಳಲ್ಲಿ ಮೇಲಿನ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಇರುವುದೇ ಇಲ್ಲ. ಕಾಣದ ಮೂಲೆಯಲ್ಲಿ ಪಾಲಿಶ್ ಹಚ್ಚಿ ಉಜ್ಜಿ ನೋಡಿ. ಬಟ್ಟೆಗೆ ಗಾಡಿಯ ಬಣ್ಣವೇ ಹತ್ತಿದರೆ ಕ್ಲಿಯರ್ ಕೋಟ್ ಇಲ್ಲ ಎಂದರ್ಥ. ಬಿಳಿ ಗಾಡಿಗೆ ಕಪ್ಪು ಬಟ್ಟೆ ಬಳಸಿ, ಇಲ್ಲದಿದ್ದರೆ ಏನೂ ಕಾಣುವುದಿಲ್ಲ. ಇತ್ತೀಚೆಗೆ ಪೇಂಟ್ ಮಾಡಿಸಿದ ಭಾಗವಿದ್ದರೆ ಅದು ಪೂರ್ತಿ ಒಣಗಲು ಒಂದೆರಡು ತಿಂಗಳು ಬಿಡಿ.

ಕೈಬರಹ ಇದ್ದರೆ ಹುಷಾರ್

ಕೋಟಿಂಗ್‌ಗೆ ಮುಂಚೆ ಪೇಂಟ್ ಮೇಲಿನ ಜಿಡ್ಡು ಪೂರ್ತಿ ಹೋಗಬೇಕು. ಅದಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ನೀರಿನೊಂದಿಗೆ ಬೆರೆಸಿ ಒರೆಸುತ್ತಾರೆ. ಕಾರಿಗಾದರೆ ಚಿಂತೆಯಿಲ್ಲ. ಆದರೆ ಟೆಂಪೋ, ಲಾರಿಗಳ ಮೇಲೆ ಊರಿನ ಹೆಸರು, ದೇವರ ಹೆಸರು, ಹೂಬಳ್ಳಿ ಎಲ್ಲ ಬ್ರಶ್ಶಿನಲ್ಲಿ ಬರೆದಿರುತ್ತಾರಲ್ಲ, ಅದು ಆಲ್ಕೊಹಾಲ್‌ಗೆ ಕಿತ್ತು ಬರಬಹುದು. ಕ್ಲೇ ಕೂಡ ಅದನ್ನು ಮಂಕು ಮಾಡುತ್ತದೆ. 'ಹಾರ್ನ್ ಓಕೆ ಪ್ಲೀಸ್' ಹೋದರೆ ಹೋಗಲಿ, ಮಹಾರಾಷ್ಟ್ರದಲ್ಲಿ 2015ರಲ್ಲೇ ಅದನ್ನು ಬರೆಯಬೇಡಿ ಎಂದಿದ್ದಾರೆ. ನಮ್ಮ ಗಾಡಿಯ ಹಣೆ ಮೇಲೆ 'ಶ್ರೀ ಸಿದ್ಧೇಶ್ವರ ಪ್ರಸನ್ನ' ಎಂದಿದೆ. ಅದು ಅಳಿಸಿದರೆ ಕಾಕಾ ಕೀಲಿ ಕೈಗಿಟ್ಟು ಊರಿಗೆ ಹೋಗುತ್ತಿದ್ದರು. ಅದರ ಸುತ್ತ ಟೇಪ್ ಹಾಕಿ ಕೈಮುಗಿದು ಬಿಟ್ಟುಬಿಟ್ಟೆ.

ಹಿಂದೆ, ಪಕ್ಕದಲ್ಲಿ ಅಂಟಿಸಿರುವ ಹೊಳೆಯುವ ರಿಫ್ಲೆಕ್ಟರ್ ಪಟ್ಟಿ, ದೀಪ, ಮುಂದಿನ ಗಾಜಿಗೂ ಕೋಟಿಂಗ್ ಹಚ್ಚಬೇಡಿ. ಬ್ರೇಕಿನ ಹತ್ತಿರವಂತೂ ಒಂದು ಹನಿಯೂ ಹೋಗಬಾರದು.

ಮೂರು ಪಾಲು

ಇಡೀ ಗಾಡಿಗೆ ಒಮ್ಮೆಲೇ ಹಚ್ಚಿದರೆ ಅದು ಕೆಲಸ ಮಾಡಿತೋ ಇಲ್ಲವೋ ಎಂದು ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ. ಅದಕ್ಕೇ ಬಾನೆಟ್ಟನ್ನು ಮಾಸ್ಕಿಂಗ್ ಟೇಪಿನಿಂದ ಮೂರು ಪಾಲು ಮಾಡಿ. ಬಲಕ್ಕೆ ಸಿರಾಮಿಕ್, ಎಡಕ್ಕೆ ಸ್ಪ್ರೇ ಸೀಲಂಟ್, ನಡುವೆ ಏನೂ ಇಲ್ಲ. ಮೂರಕ್ಕೂ ಒಂದೇ ಬಿಸಿಲು, ಒಂದೇ ಧೂಳು, ಒಂದೇ ಕಾಗೆ.

ಸಿರಾಮಿಕ್ ಹಚ್ಚುವಾಗ ಸ್ಪಂಜಿನ ತುಂಡಿಗೆ ಐದಾರು ಹನಿ ಸಾಕು. ಅಡ್ಡ ಒಮ್ಮೆ, ಉದ್ದ ಒಮ್ಮೆ ಎಳೆಯಿರಿ. ಒಂದೆರಡು ನಿಮಿಷದಲ್ಲಿ ಎಣ್ಣೆ ಬಿದ್ದ ನೀರಿನ ಹಾಗೆ ಬಣ್ಣಬಣ್ಣದ ಮಿನುಗು ಕಾಣುತ್ತದೆ. ಆಗಲೇ ಒಣ ಬಟ್ಟೆಯಿಂದ ಒರೆಸಿ, ಇನ್ನೊಂದು ಬಟ್ಟೆಯಿಂದ ಮತ್ತೆ ಒರೆಸಿ. ತಡವಾದರೆ ಕಪ್ಪು ತೇಪೆ ಹಾಗೇ ಗಟ್ಟಿಯಾಗುತ್ತದೆ, ಆಮೇಲೆ ಪಾಲಿಶ್ ಹಾಕಿಯೇ ತೆಗೆಯಬೇಕು. ಮುಂಬೈಯ ತೇವದಲ್ಲಿ ಈ ಸಮಯ ಹೆಚ್ಚುಕಡಿಮೆ ಆಗುತ್ತದೆ. ಅದಕ್ಕೇ ಎರಡು ಅಡಿ ಅಗಲಕ್ಕಿಂತ ದೊಡ್ಡ ಜಾಗಕ್ಕೆ ಒಮ್ಮೆಲೇ ಕೈಹಾಕಬೇಡಿ. ಒರೆಸಿದ ಬಟ್ಟೆಯನ್ನು ಎಸೆಯಿರಿ. ಅದರಲ್ಲಿ ಉಳಿದದ್ದು ಗಟ್ಟಿಯಾಗಿ ಮುಂದಿನ ಸಲ ಗೀಚುತ್ತದೆ.

ಸ್ಪ್ರೇ ಸೀಲಂಟ್ ಬಗ್ಗೆ ಹೇಳುವುದೇನಿಲ್ಲ. ಸಿಂಪಡಿಸಿ, ಒರೆಸಿ, ಬಟ್ಟೆ ತಿರುಗಿಸಿ ಮತ್ತೆ ಒರೆಸಿ.

ನಿಜವಾದ ತಲೆನೋವು ಹಚ್ಚಿದ ಮೇಲೆ. ಸಿರಾಮಿಕ್‌ಗೆ ಮೊದಲ ಒಂದು ದಿನ ನೀರು ತಾಗಬಾರದು, ಒಂದು ವಾರ ಶಾಂಪೂ ಹಾಕಬಾರದು. ಮನೆಯ ಕಾರಾದರೆ ಸರಿ. ನಮ್ಮ ಗಾಡಿ ರಾತ್ರಿ ಎರಡಕ್ಕೆ ಒದ್ದೆ ಸೊಪ್ಪಿನ ಮೂಟೆಗಳ ನಡುವೆ ನಿಂತಿರಬೇಕು. ಒಂದು ರಾತ್ರಿಯ ಟ್ರಿಪ್ಪಿಗೆ ಬೇರೆಯವರ ಗಾಡಿಗೆ ಬಾಡಿಗೆ ಕೊಟ್ಟೆ. ಬಾಟಲಿಯ ಬೆಲೆಗೆ ಆ ಬಾಡಿಗೆಯನ್ನೂ ಕೂಡಿಸಿಯೇ ಲೆಕ್ಕ ಹಾಕಿ.

ಎಂಟು ತಿಂಗಳ ಮೇಲೆ

ಪ್ರತಿ ಭಾನುವಾರ ಮೂರು ಪಾಲಿಗೂ ಒಂದೊಂದು ಚೊಂಬು ನೀರು ಹಾಕಿ ಮೊಬೈಲಲ್ಲಿ ಫೋಟೊ ತೆಗೆದೆ. ಮಾರ್ಚ್ ಮುಗಿಯುವಷ್ಟರಲ್ಲಿ ಸೀಲಂಟ್ ಪಾಲಿನಲ್ಲಿ ನೀರು ಹನಿ ಕಟ್ಟುವುದು ಕಡಿಮೆಯಾಯಿತು. ಸಿರಾಮಿಕ್ ಪಾಲು ಈ ಜುಲೈ ಮಳೆಯಲ್ಲೂ ಕೆಸುವಿನ ಎಲೆಯ ಹಾಗೆ ನೀರು ಜಾರಿಸುತ್ತಿದೆ. ಕಾಗೆ ಹಿಕ್ಕೆ ಬಿದ್ದಾಗ ಎರಡೂ ಪಾಲಿನಲ್ಲಿ ಒದ್ದೆ ಬಟ್ಟೆಗೆ ಬಂದುಬಿಟ್ಟಿತು. ನಡುವಿನ ಪಾಲಿನಲ್ಲಿ ಅದರ ಗುರುತು ಉಳಿಯಿತು.

ಆದರೆ ಆ ಟ್ಯಾಂಕರ್ ನೀರಿನ ಬಿಳಿ ಚುಕ್ಕೆಗಳು ಜಾಸ್ತಿ ಬಂದದ್ದು ಸಿರಾಮಿಕ್ ಪಾಲಿನಲ್ಲೇ! ನೀರು ಹರಡದೆ ಗುಂಡಗೆ ನಿಲ್ಲುತ್ತದೆ, ಬಿಸಿಲಿಗೆ ಅಲ್ಲೇ ಒಣಗುತ್ತದೆ, ಅದರಲ್ಲಿದ್ದ ಸುಣ್ಣದಂಶ ಒಂದೇ ಬೊಟ್ಟಿನಲ್ಲಿ ಉಳಿಯುತ್ತದೆ. ತೊಳೆದ ಕೂಡಲೇ ಒರೆಸದವರಿಗೆ ಸಿರಾಮಿಕ್ ಬೇಡ. ಕ್ರೇಟಿನ ಗೀರುಗಳಂತೂ ಮೂರು ಪಾಲಿಗೂ ಸಮಸಮ. ಪೇಂಟ್ ಎದ್ದುಹೋದ ಕಡೆ ತುಕ್ಕು ಬರುವುದನ್ನೂ ಯಾವ ಕೋಟಿಂಗೂ ತಡೆಯುವುದಿಲ್ಲ. ಅಲ್ಲಿ ಉಜ್ಜಿ, ಪ್ರೈಮರ್ ಹಾಕಿ, ಟಚಪ್ ಪೇಂಟ್ ಹಚ್ಚಲೇಬೇಕು. ಸರಕು ತುಂಬುವ ಬಾಡಿಯೊಳಗೆ ಇದನ್ನೆಲ್ಲ ಹಚ್ಚುವುದು ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದ ಹಾಗೆ.

ಈಗ ಮುಂದಿನ ಕ್ಯಾಬಿನ್ ಪೂರ್ತಿಗೆ ಮೂರು ತಿಂಗಳಿಗೊಮ್ಮೆ ಸ್ಪ್ರೇ ಸೀಲಂಟ್ ಹಾಕುತ್ತಿದ್ದೇವೆ. ಅರ್ಧ ಗಂಟೆಯ ಕೆಲಸ, ಗಾಡಿ ಅದೇ ರಾತ್ರಿ ಮಾರ್ಕೆಟ್‌ಗೆ ಹೋಗುತ್ತದೆ. ಕಾಕಾ ತಾವೇ ಮಾಡುತ್ತಾರೆ, ನನಗೆ ಬಟ್ಟೆ ಮುಟ್ಟಲೂ ಬಿಡುವುದಿಲ್ಲ.

ಬಾಟಲಿಯಲ್ಲಿ ಉಳಿದ ಸಿರಾಮಿಕ್ಕನ್ನು ಬಾಗಿಲುಗಳಿಗೆ ಹಚ್ಚೋಣ ಎಂದು ಮೊನ್ನೆ ತೆಗೆದೆ. ಒಮ್ಮೆ ಮುಚ್ಚಳ ತೆಗೆದರೆ ಗಾಳಿಯ ತೇವಕ್ಕೆ ಅದು ಗಟ್ಟಿಯಾಗುತ್ತದೆ. ಒಳಗೆ ಕಲ್ಲುಸಕ್ಕರೆಯಂಥ ಗಟ್ಟಿ ಕೂತಿತ್ತು. ಕೊಳ್ಳುವವರು ಚಿಕ್ಕ ಬಾಟಲಿಯನ್ನೇ ಕೊಳ್ಳಿ.